ಯುವ ಘಟಕದ ಸಂಚಾಲಕ

ಭಾನುವಾರ ಮಧ್ಯಾಹ್ನ ಮೆಲ್ಬರ್ನ್ ಅಂಚಿನ ಟಾರ್ನೀಟ್‌ನ ಸಮುದಾಯ ಭವನದ ಚಿಕ್ಕ ಕೋಣೆಯಲ್ಲಿ ಕನ್ನಡ ಬಳಗದ ಯುವ ಘಟಕದ ಸಭೆ ಸೇರಿತ್ತು. ಇಬ್ಬರು ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದರು. ಇನ್ನೊಬ್ಬರು, ಉಪ್ಪಿಟ್ಟಿಗೆ ಉಪ್ಪು ಹದವಾಗಿದೆ, ತಮ್ಮ ಬಿಪಿಗೆ ಇದೇ ಸರಿ ಎಂದು ಹೊಗಳುತ್ತಿದ್ದರು. ಘಟಕದ ಸಂಚಾಲಕ ಗುರುದತ್ತನಿಗೆ ನಲವತ್ತಾರು ವರ್ಷ. ಘಟಕ ಹುಟ್ಟಿದಾಗ ಅವನು ನಿಜಕ್ಕೂ ಯುವಕನೇ ಆಗಿದ್ದ. ಆಮೇಲೆ ಪ್ರತಿ ವರ್ಷವೂ "ನೀವೇ ಮುಂದುವರೀರಿ ಗುರು" ಎಂದು ಎಲ್ಲರೂ ಹೇಳುವುದು, ಅವನು "ಬೇರೆ ಯಾರಾದ್ರೂ..." ಎಂದು ಸುತ್ತ ನೋಡುವುದು, ಬೇರೆಯವರು ತಟ್ಟೆ ನೋಡುವುದು ರೂಢಿಯಾಗಿಬಿಟ್ಟಿತು. ಇಪ್ಪತ್ತರ ಆಸುಪಾಸಿನ ಮಕ್ಕಳು ಹೊರಗೆ ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದರು.

ಬಳಗದ ಅಧ್ಯಕ್ಷ ಪಂಚಾಕ್ಷರಯ್ಯನವರು ಕನ್ನಡಕ ಏರಿಸಿ ಫೋನಿನಲ್ಲಿದ್ದ ಆಹ್ವಾನವನ್ನು ಓದಿದರು. ಸಿಡ್ನಿಯಲ್ಲಿ ವಲಸೆ ಕುಟುಂಬಗಳ ಯುವಜನರ ಸಮಾಲೋಚನೆ ನಡೆಯಲಿದೆ. ಹದಿನಾರರಿಂದ ಇಪ್ಪತ್ತೈದು ವರ್ಷದೊಳಗಿನವರು ತಾವಿರುವ ಊರು, ನೀರು, ಓಡಾಟ, ಬದುಕಿನ ಬಗ್ಗೆ ಮಾತಾಡಬೇಕು. ಅದೆಲ್ಲ ಸೇರಿ ಒಂದು ಹೇಳಿಕೆಯಾಗುತ್ತದೆ. ಸುಸ್ಥಿರ ಅಭಿವೃದ್ಧಿಯ ಅಂತರರಾಷ್ಟ್ರೀಯ ಸಭೆಗೆ ಹೋಗುವ ಇಬ್ಬರು ಯುವ ಪ್ರತಿನಿಧಿಗಳು ಅದನ್ನು ನೀತಿ ರೂಪಿಸುವವರ ಮುಂದಿಡುತ್ತಾರೆ. ಪ್ರತಿ ಸಂಘದಿಂದ ಒಬ್ಬರು ಬರಬಹುದು.

"ಗುರು, ನೀವೇ ಹೋಗ್ಬನ್ನಿ" ಎಂದರು ಅಧ್ಯಕ್ಷರು.

"ಇಪ್ಪತ್ತೈದರೊಳಗೆ ಅಂತಿದೆಯಲ್ಲ ಸರ್."

ಕೋಣೆಯಲ್ಲಿ ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಿತಿಯೊಳಗೆ ಬರುವವರು ಅಲ್ಲಿ ಯಾರೂ ಇರಲಿಲ್ಲ.

"ನಿಮ್ಮ ಮಗಳು ಪ್ರಣತಿ ಇದಾಳಲ್ಲ! ನೀವು ಚೆನ್ನಾಗಿ ಬರ್ಕೊಡಿ, ಅವಳು ಹೇಳ್ತಾಳೆ. ನೀವೂ ಜೊತೆಗೆ ಹೋಗ್ಬನ್ನಿ" ಎಂದರು ಪಂಚಾಕ್ಷರಯ್ಯ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಪ್ರಣತಿ ಹೊರಗೆ ಒಂದು ದೊಡ್ಡ ಕಾರನ್ನು ರಿವರ್ಸ್ ಮಾಡಿಸುತ್ತಿದ್ದಳು. ತಾನು ಆಯ್ಕೆಯಾದ ಸಂಗತಿ ಅವಳಿಗೆ ತಿಳಿದದ್ದು ಮನೆಗೆ ಹೋಗುವಾಗ.

ಅವಳಿಗೆ ಖುಷಿಯೇ ಆಯಿತು. ಯೂನಿವರ್ಸಿಟಿಯಲ್ಲಿ ನಗರ ಯೋಜನೆ ಓದುತ್ತಿದ್ದ ಹುಡುಗಿ. ಏನು ಹೇಳಬೇಕೆಂದು ಯೋಚಿಸುವ ಅಗತ್ಯವೂ ಅವಳಿಗೆ ಬೀಳಲಿಲ್ಲ. ಗೆಳತಿ ಶ್ರದ್ಧಾಳ ವಿಷಯ ಮೂರು ತಿಂಗಳಿಂದ ಅವಳ ಮನಸ್ಸನ್ನು ಕೊರೆಯುತ್ತಿತ್ತು. ಶ್ರದ್ಧಾ ಅದೇ ಬಡಾವಣೆಯವಳು, ಉಡುಪಿ ಕಡೆಯ ಧನರಾಜ್ ಎಂಬವನ ಮಗಳು. ನರ್ಸಿಂಗ್ ಓದುತ್ತಿದ್ದಳು. ತರಬೇತಿಗೆ ಮೆಲ್ಬರ್ನ್‌ನ ಇನ್ನೊಂದು ತುದಿಯ ಆಸ್ಪತ್ರೆಯನ್ನು ಬೆಳಗ್ಗೆ ಏಳಕ್ಕೆ ಮುಟ್ಟಬೇಕಿತ್ತು. ಬಡಾವಣೆಯಿಂದ ಮೊದಲ ಬಸ್ಸು ಹೊರಡುವುದೇ ಆರೂವರೆಗೆ. ಮನೆಯಲ್ಲಿದ್ದ ಒಂದೇ ಕಾರನ್ನು ಧನರಾಜ್ ರಾತ್ರಿ ಪಾಳಿಗೆ ತೆಗೆದುಕೊಂಡು ಹೋಗುತ್ತಿದ್ದ. ಕೆಲವು ವಾರ ಅವರಿವರ ಕಾರಿನಲ್ಲಿ ಹೋಗಿ, ಕೆಲವು ದಿನ ತಡವಾಗಿ ಬೈಸಿಕೊಂಡು, ಕೊನೆಗೆ ಶ್ರದ್ಧಾ ಓದನ್ನೇ ನಿಲ್ಲಿಸಿದ್ದಳು. ಈಗ ಇಂಡಿಯನ್ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದಳು.

"ಮನೆಗಳಿಗಿಂತ ಮೊದಲು ಬಸ್ ಬರಬೇಕು. ಬಸ್ ಓಡೋಕೆ ಶುರುವಾಗದೆ ಯಾರಿಗೂ ಮನೆ ಕೀ ಕೊಡಬಾರದು. ಶ್ರದ್ಧಾಗೆ ಆಗಿದ್ದನ್ನ ಹೇಳ್ತೀನಿ. ಅಷ್ಟೇ ಅಪ್ಪಾ, ನಾನು ಹೇಳೋದು" ಎಂದಳು ಪ್ರಣತಿ.

ಅಷ್ಟರಲ್ಲಿ ಗುರುದತ್ತ ಭಾಷಣ ಬರೆದಾಗಿತ್ತು. ನಮ್ಮ ಪೂರ್ವಜರು ಪ್ರಕೃತಿಯನ್ನೇ ದೇವರೆಂದು ಪೂಜಿಸಿದರು ಎಂದು ಅದು ಶುರುವಾಗುತ್ತಿತ್ತು. ಬಾಳೆಎಲೆ ಊಟ, ತಾಮ್ರದ ಚೊಂಬು, ಅರಳಿ ಮರದ ಪ್ರದಕ್ಷಿಣೆ, ಸಿರಿಧಾನ್ಯ ಎಲ್ಲವೂ ಬಂದುಹೋಗುತ್ತಿದ್ದವು. ನಡುವೆ ಒಂದು ಶ್ಲೋಕವೂ ಇತ್ತು. ಕೊನೆಯಲ್ಲಿ ಆಸ್ಟ್ರೇಲಿಯಾಕ್ಕೆ ಕೃತಜ್ಞತೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಆ ಮನೆಯಲ್ಲಿ ಬಾಳೆಎಲೆ ಕಂಡು ಎರಡು ಯುಗಾದಿ ಕಳೆದಿತ್ತು.

"ಅಪ್ಪಾ, ಸೀರಿಯಸ್ಲೀ? ಬಾಳೆಎಲೆನಾ?"

"ಯಾಕೆ, ಅದು ಸಸ್ಟೇನಬಲ್ ಅಲ್ವಾ? ಕೇಳೋರಿಗೆ ಖುಷಿ ಆಗುತ್ತೆ. ಬಸ್ ಇಲ್ಲ, ಟ್ರೈನ್ ಇಲ್ಲ ಅಂತ ಹೋಗಿ ಅಳೋಕೆ ಅದೇನು ಕೌನ್ಸಿಲ್ ಆಫೀಸಾ? ಮೇಲಾಗಿ ಬೇರೆಯವರ ಮನೆ ವಿಷ್ಯ. ಧನರಾಜ್ ಕಿವಿಗೆ ಬಿದ್ರೆ ಏನಂದ್ಕೋತಾನೆ? ಮಗಳು ಓದು ಬಿಟ್ಲು ಅಂತ ಊರಿಗೆಲ್ಲ ಸಾರಿದ್ರಿ ಅಂತಾನೆ."

"ಹೆಸರು ಹೇಳಲ್ಲ."

"ಪ್ರಣತಿ, ಕೇಳಿಲ್ಲಿ. ನಾನು ಬಂದ ಹೊಸದ್ರಲ್ಲಿ ಆಫೀಸಲ್ಲಿ ಒಂದು ಸಲ ಬಾಯಿ ಬಿಟ್ಟಿದ್ದೆ. ವೀಸಾದವರಿಗೆ ಮಾತ್ರ ವೀಕೆಂಡ್ ಕೆಲಸ ಹಾಕ್ತೀರಲ್ಲ ಅಂತ ಕೇಳಿದ್ದೆ, ಅಷ್ಟೇ. ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಲಿಲ್ಲ. ನೀನಾಗ ಹೊಟ್ಟೇಲಿದ್ದೆ. ನಿಮ್ಮಮ್ಮ ಎಷ್ಟು ರಾತ್ರಿ ನಿದ್ದೆ ಮಾಡಿಲ್ಲ, ಕೇಳು. ನಾವು ಬಂದವರು. ಬಂದವರು ದೂರಬಾರದು."

"ನಾನು ಬಂದವಳಲ್ಲ ಅಪ್ಪಾ. ಐ ವಾಸ್ ಬಾರ್ನ್ ಹಿಯರ್" ಎಂದಳು ಪ್ರಣತಿ.

ಪ್ರಣತಿಯ ಅಮ್ಮ ಊರ್ಮಿಳಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ರೀ, ಅವಳಿಗೆ ತೋಚಿದ್ದನ್ನ ಅವಳು ಹೇಳ್ಲಿ ಬಿಡಿ" ಎಂದಳು. ನಂತರ ಮಗಳಿಗೆ, "ಅಪ್ಪ ಹೇಳೋದ್ರಲ್ಲೂ ಅರ್ಥ ಇದೆ ಕಣೇ. ಆಗ ನಿಜವಾಗ್ಲೂ ಕಷ್ಟ ಆಗಿತ್ತು" ಎಂದಳು. ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಯಾರಿಗೂ ಸಮಾಧಾನವಾಗಲಿಲ್ಲ.

ಪ್ರಣತಿ ವಾದ ಬೆಳೆಸಲಿಲ್ಲ. "ಓಕೆ ಅಪ್ಪಾ" ಎಂದು ಹಾಳೆ ತೆಗೆದುಕೊಂಡಳು. ಎರಡು ದಿನದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ. ಗುರುದತ್ತನಿಗೆ ಹೆಮ್ಮೆಯಾಗಬೇಕಿತ್ತು. ಆಯಿತು ಕೂಡ. ಆದರೆ ಮಗಳು ಜಗಳವಾಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಯಾಕೆ ಅನ್ನಿಸಿತೋ ಅವನಿಗೆ ತಿಳಿಯಲಿಲ್ಲ.

ಸಿಡ್ನಿಯಲ್ಲಿ ಅವರು ಉಳಿದುಕೊಂಡದ್ದು ಸ್ಕೋಫೀಲ್ಡ್ಸ್‌ನಲ್ಲಿ, ಗುರುದತ್ತನ ಕಾಲೇಜಿನ ಗೆಳೆಯ ಪ್ರತಾಪನ ಮನೆಯಲ್ಲಿ. ಸಮಾಲೋಚನೆ ಇದ್ದದ್ದು ಸಿಡ್ನಿಯದೇ ಇನ್ನೊಂದು ಬದಿಯ ಬಡಾವಣೆ ಲಿವರ್‌ಪೂಲ್‌ನಲ್ಲಿ. ಶನಿವಾರ ಬೆಳಗ್ಗೆ ಪ್ರತಾಪನೇ ಕಾರಿನಲ್ಲಿ ಕರೆದುಕೊಂಡು ಹೊರಟ. ದಾರಿ ಮುಗಿಯುವ ಲಕ್ಷಣವೇ ಕಾಣಲಿಲ್ಲ.

"ನಮ್ದೂ ನಿಮ್ ಟಾರ್ನೀಟ್ ಕಥೇನೇ ಕಣೋ" ಎಂದ ಪ್ರತಾಪ್. "ಮಾರ್ಟ್‌ಗೇಜ್ ಒಂದು ಕಡೆ, ಪೆಟ್ರೋಲ್ ಒಂದು ಕಡೆ. ಹಾಲು ಮುಗಿದ್ರೂ ಕಾರ್ ತೆಗೀಬೇಕು. ಬಸ್ ಬರುತ್ತೆ ಅಂತ ಮನೆ ಮಾರೋವಾಗ ಹೇಳಿದ್ರು. ಬರುತ್ತೆ, ಬರುತ್ತೆ. ನಮ್ಮ ಮೊಮ್ಮಕ್ಕಳ ಕಾಲಕ್ಕೆ."

"ಹೇಳಬೇಕಿತ್ತು ನೀವೆಲ್ಲ ಸೇರಿ" ಎಂದ ಗುರುದತ್ತ, ಯೋಚಿಸದೆ.

ಹಿಂದಿನ ಸೀಟಿನಲ್ಲಿದ್ದ ಪ್ರಣತಿ ಕಿಟಕಿಯಾಚೆ ನೋಡುತ್ತಿದ್ದಳು. ಗುರುದತ್ತನ ಕಿವಿ ಬಿಸಿಯಾಯಿತು.

ಸಭಾಂಗಣದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗನಿಗೆ ಅವನು ಗತ್ತಿನಿಂದಲೇ, ತಾನು ಮೆಲ್ಬರ್ನಿನ ಕನ್ನಡ ಬಳಗದ ಯುವ ಘಟಕದ ಸಂಚಾಲಕ ಎಂದು ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡ. ಹುಡುಗ ಅವನ ಕಿವಿಯ ಪಕ್ಕದ ನರೆತ ಕೂದಲನ್ನೊಮ್ಮೆ, ಪ್ರಣತಿಯನ್ನೊಮ್ಮೆ ನೋಡಿದ. ಬಹಳ ವಿನಯದಿಂದ, 'ಜೊತೆಗೆ ಬಂದವರು' ಎಂದು ಬರೆದಿದ್ದ ಬ್ಯಾಡ್ಜ್ ಕೊಟ್ಟ. ಆ ವಿನಯವೇ ಗುರುದತ್ತನಿಗೆ ಹೆಚ್ಚು ಚುಚ್ಚಿತು.

ಒಳಗೆ ವೇದಿಕೆ ಇರಲಿಲ್ಲ. ಯುವಜನರ ಕುರ್ಚಿಗಳು ನಡುವೆ ವೃತ್ತಾಕಾರವಾಗಿದ್ದವು. ಜೊತೆಗೆ ಬಂದವರ ಕುರ್ಚಿಗಳು ಗೋಡೆಯ ಪಕ್ಕ. ಸಭೆ ನಡೆಸುತ್ತಿದ್ದವಳು ನಿವೇದಿತಾ. ಲಿವರ್‌ಪೂಲ್‌ನಲ್ಲೇ ಬೆಳೆದ ಕನ್ನಡದ ಹುಡುಗಿ, ಅಂತರರಾಷ್ಟ್ರೀಯ ಸಭೆಗೆ ಹೋಗಲಿದ್ದ ಇಬ್ಬರಲ್ಲಿ ಒಬ್ಬಳು. ಬೇರೆ ಬೇರೆ ದೇಶಗಳಿಂದ ಬಂದ ಕುಟುಂಬಗಳ ಮಕ್ಕಳಿದ್ದುದರಿಂದ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಪ್ರತಿಯೊಬ್ಬರೂ ಮಾತಾಡಿದ ಮೇಲೆ ಅದರಿಂದ ಒಂದೇ ಒಂದು ಮಾತನ್ನು ಅವಳು ಗೋಡೆಯ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಹೇಳಿಕೆಗೆ ಹೋಗುವುದು ಆ ಮಾತು ಮಾತ್ರ.

ಒಬ್ಬ ಹುಡುಗ ತನ್ನ ಬಾಡಿಗೆ ಮನೆಯ ಗೋಡೆಯ ಬೂಷ್ಟು ಮತ್ತು ತಂಗಿಯ ಉಬ್ಬಸದ ಬಗ್ಗೆ ಹೇಳಿದ. ಒಬ್ಬಳು ಆಡಲು ನೆರಳಿಲ್ಲದ ಶಾಲೆಯ ಬಗ್ಗೆ ಹೇಳಿದಳು. ಯಾರೂ ಚೆನ್ನಾಗಿ ಭಾಷಣ ಮಾಡಲಿಲ್ಲ, ತಡವರಿಸಿದರು, ನಕ್ಕರು. ಗುರುದತ್ತ ಮೊದಮೊದಲು, ಇವರಿಗಿಂತ ತನ್ನ ಮಗಳು ನೂರು ಪಾಲು ಮೇಲು ಎಂದುಕೊಳ್ಳುತ್ತಿದ್ದ. ಬರಬರುತ್ತಾ ಅವನ ಲೆಕ್ಕಾಚಾರ ನಿಂತುಹೋಯಿತು. ಉಬ್ಬಸದ ಮಗುವಿನ ವಿಷಯ ಅವನ ತಲೆಯಿಂದ ಹೋಗಲಿಲ್ಲ.

ಪ್ರಣತಿಯ ಸರದಿ ಬಂತು. ಎದ್ದು ನಿಂತು, ಪೂರ್ವಜರಿಂದ ಕೃತಜ್ಞತೆಯವರೆಗೆ ಒಂದೇ ಉಸಿರಿಗೆ ಒಪ್ಪಿಸಿದಳು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು, ಮದುವೆ ಮನೆಯಲ್ಲಿ ಗುರುತಿಲ್ಲದವರಿಗೆ ನಮಸ್ಕಾರ ಮಾಡಿದ ಹಾಗೆ.

"ತುಂಬಾ ಚೆನ್ನಾಗಿತ್ತು. ಇದರಲ್ಲಿ ಯಾವ ಮಾತನ್ನು ಬರೆದುಕೊಳ್ಳಲಿ? ನಿನ್ನ ಊರಲ್ಲಿ ಬದಲಾಗಲೇಬೇಕಾದ ಒಂದೇ ಒಂದು ಸಂಗತಿ?" ಎಂದು ಕೇಳಿದಳು ನಿವೇದಿತಾ.

ಪ್ರಣತಿ ಗೋಡೆಯ ಕಡೆಗೆ, ಅಪ್ಪನ ಕಡೆಗೆ ನೋಡಿದಳು.

ಗುರುದತ್ತನಿಗೆ ಆ ನೋಟ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷದ ಹುಡುಗಿ ರಾಜ್ಯೋತ್ಸವದ ವೇದಿಕೆಯ ಮೇಲೆ ಪದ್ಯ ಮರೆತಾಗ ನೋಡಿದ್ದಳಲ್ಲ, ಅದೇ ನೋಟ. ಆಗಿನಿಂದ ಪ್ರತಿ ವರ್ಷ ಅವನು ಪರದೆಯ ಪಕ್ಕದಲ್ಲಿ ನಿಂತು ತುಟಿಯಾಡಿಸಿ ಮುಂದಿನ ಸಾಲು ಹೇಳಿಕೊಡುತ್ತಿದ್ದ. ಬಳಗದ ಅಪ್ಪ ಅಮ್ಮಂದಿರೆಲ್ಲ ಹಾಗೇ ಮಾಡುತ್ತಿದ್ದರು. ಈಗಲೂ ಅವನ ತುಟಿ ತಾನಾಗಿ ತೆರೆದುಕೊಂಡಿತು. ಬಾಳೆಎಲೆಯ ಸಾಲು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವಳು ಏನನ್ನೂ ಮರೆತಿಲ್ಲವಲ್ಲ ಎಂಬುದು ಅವನಿಗೆ ಆ ಕ್ಷಣ ಹೊಳೆಯಿತು. ಇವಳು ಕೇಳುತ್ತಿರುವುದು ಸಾಲನ್ನಲ್ಲ, ಅಪ್ಪಣೆಯನ್ನು. ಹತ್ತೊಂಬತ್ತು ವರ್ಷದ, ನಗರಗಳನ್ನು ಹೇಗೆ ಕಟ್ಟಬೇಕೆಂದು ಓದುತ್ತಿರುವ ಹುಡುಗಿ, ಬಾಯಿ ತೆರೆಯಲು ಅಪ್ಪನ ಮುಖ ನೋಡುತ್ತಿದ್ದಾಳೆ. ಅವನಿಗೆ ನಾಚಿಕೆಯಾಯಿತು. ಅಳು ಬಂದಂತೆಯೂ ಆಯಿತು.

ತಲೆಯಾಡಿಸಿ 'ಹೇಳು' ಎಂದುಬಿಡಬಹುದಿತ್ತು. ಹಾಗೆ ಮಾಡಿದರೂ ಅದು ತಾನು ಕೊಟ್ಟ ಅಪ್ಪಣೆಯೇ ಆಗುತ್ತದೆ ಅನ್ನಿಸಿತು. ಗುರುದತ್ತ ಎದ್ದು, ಪಕ್ಕದವರ ಕಾಲು ದಾಟಿಕೊಂಡು, ಬಾಗಿಲು ತೆರೆದು ಹೊರಗೆ ಹೋದ.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಬಾಗಿಲಿನ ಗಾಜಿನಲ್ಲಿ ಒಳಗಿನದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಪ್ರಣತಿ ಖಾಲಿಯಾದ ಕುರ್ಚಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ವೃತ್ತದ ಕಡೆಗೆ ತಿರುಗಿದಳು. ಮಾತು ಶುರು ಮಾಡಿದಳು, ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು. ಅವಳ ಕೈಗಳು ಆಡತೊಡಗಿದವು. ಭಾಷಣ ಒಪ್ಪಿಸುವಾಗ ಅವಳ ಕೈ ಯಾವತ್ತೂ ಅಲ್ಲಾಡಿದ್ದಿಲ್ಲ. ಉಬ್ಬಸದ ತಂಗಿಯ ಅಣ್ಣ ಮುಂದಕ್ಕೆ ಬಾಗಿ ಏನೋ ಕೇಳಿದ, ಅವಳು ಉತ್ತರ ಕೊಟ್ಟಳು. ನಿವೇದಿತಾ ಬೋರ್ಡಿನ ಮೇಲೆ ಬರೆದಳು. ಅಷ್ಟು ದೂರದಿಂದ ಗುರುದತ್ತನಿಗೆ ಓದಲಾಗಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಪ್ರಣತಿ ಹೊರಗೆ ಬಂದಳು.

"ಯಾಕೆ ಎದ್ದು ಹೋದೆ ಅಪ್ಪಾ? ಕೋಪ ಬಂತಾ?"

"ಇಲ್ಲಮ್ಮ. ನಾನಲ್ಲಿದ್ರೆ ನೀನು ನನ್ನ ಮುಖಾನೇ ನೋಡ್ತಿದ್ದೆ."

ಅವಳು ಅವನ ಪಕ್ಕಕ್ಕೆ ಬಂದು ನಿಂತಳು. "ಬಸ್ ವಿಷ್ಯ ಹೇಳಿದೆ. ಶ್ರದ್ಧಾ ಹೆಸರು ಹೇಳ್ಲಿಲ್ಲ, ಆದ್ರೆ ಅವಳದ್ದೇ ಹೇಳಿದೆ. ಅವಳನ್ನ ಕೇಳಿದ್ದೆ, ಹೇಳು ಅಂದಿದ್ಲು. ಅವರಪ್ಪಂಗೆ ಗೊತ್ತಿಲ್ಲ. ಸಂಜೆ ಹೇಳಿಕೆ ಬರೆಯೋ ಗುಂಪಲ್ಲಿ ಕೂತ್ಕೋ ಅಂತ ನಿವೇದಿತಾ ಕರೆದಿದಾಳೆ."

"ಕೂತ್ಕೋ. ಧನರಾಜ್‌ಗೆ ನಾನು ಹೇಳ್ತೀನಿ."

ಪ್ರಣತಿ ಒಳಗೆ ಹೋದಳು. ಗುರುದತ್ತ ಫೋನ್ ಹಿಡಿದುಕೊಂಡು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ, ಆಮೇಲೆ ಧನರಾಜ್‌ಗೆ ಕರೆ ಮಾಡಿದ. ಪಾಳಿ ಮುಗಿಸಿ ಮಲಗಿದ್ದವನ ದನಿ ಅದು. ಗುರುದತ್ತ ನಡೆದದ್ದನ್ನೆಲ್ಲ ಹೇಳಿ, "ನಿಮ್ಮ ಮನೆ ವಿಷ್ಯ ಆಚೆ ಹೋಯ್ತು. ಬೇಜಾರಾಗಿದ್ರೆ ನನಗೆ ಬಯ್ಯಿರಿ, ಮಕ್ಕಳಿಗೆ ಏನೂ ಅನ್ಬೇಡಿ" ಎಂದ.

"ಎಂಥ ಬೇಜಾರು ಮಾರಾಯ್ರೆ?" ಎಂದ ಧನರಾಜ್. "ಯಾರ ಹತ್ರ ಹೇಳುವುದು ಅಂತ ಗೊತ್ತಿಲ್ಲದೆ ನಾವು ಸುಮ್ಮನೆ ಕೂತದ್ದು. ಮಗಳು ಓದು ಬಿಟ್ಟದ್ದು ನನ್ನ ತಪ್ಪು, ನನಗೆ ಎರಡನೇ ಕಾರು ತೆಗೆಯುವ ತಾಕತ್ತಿಲ್ಲ ಅಂತಲೇ ನಾನು ಎಣಿಸಿಕೊಂಡದ್ದು. ಅದು ಬಸ್ಸಿನ ತಪ್ಪು ಅಂತ ಯಾರೂ ಹೇಳಿದ್ದೇ ಇಲ್ಲ ನನಗೆ."

ಗುರುದತ್ತ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಇನ್ನೊಂದು ಕೇಳ್ಲಿಕ್ಕಿತ್ತು" ಎಂದ ಧನರಾಜ್, ಸಂಕೋಚದಿಂದ. "ನಿಮ್ಮ ಯೂತ್ ವಿಂಗಿಗೆ ಸೇರ್ತೇನೆ ಅಂತ ಇವಳು ಹೋದ ವರ್ಷ ಕೇಳಿದ್ದಳು. ಜಾಗ ಭರ್ತಿ ಅಂತ ಹೇಳಿದ್ರಂತೆ. ಈಗ ಏನಾದ್ರೂ ಉಂಟಾ?"

ಹಾಗೆ ಹೇಳಿದವನು ತಾನೇ ಎಂಬುದು ಗುರುದತ್ತನಿಗೆ ನೆನಪಾಯಿತು. ಫೋನಿನಲ್ಲಿ ಎರಡೇ ಮಾತಿನಲ್ಲಿ ಹೇಳಿ, ಮರೆತೂಬಿಟ್ಟಿದ್ದ.

"ಇದೆ. ನನ್ನ ಜಾಗಾನೇ ಖಾಲಿ ಆಗಿದೆ" ಎಂದ.

"ಆದ್ರೆ ಭಾನುವಾರ ಬಸ್ಸಿಲ್ಲ ಅಲ್ವಾ, ಅವಳು ಬರುವುದು ಹೇಗೆ?"

"ಅವಳಿಗೆ ರೆಡಿಯಾಗಿರೋಕೆ ಹೇಳಿ" ಎಂದ ಗುರುದತ್ತ. "ಬಸ್ ಬರೋವರೆಗೂ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಮೀಟಿಂಗ್ ಮುಗಿಯೋವರೆಗೂ ಹೊರಗೆ ಕಾರಲ್ಲಿ ಕೂತಿರ್ತೀನಿ."