ಬೊರ್ತೊಲಾಳ ನಿಧಾನ ಭಾಗ

ನಮ್ಮ ಚರ್ಚಿನಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ವಾದನ ಹಿಡಿಸಿದರೆ ಜನ ಕೆಮ್ಮುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ, ಕುರ್ಚಿ ಎಳೆದಾಡುತ್ತಾರೆ. ವೆನಿಸ್‌ನಲ್ಲಿ ಇದೇ ರೂಢಿ. ಅನಾಥಾಲಯದ ಹುಡುಗಿಯರಾದ ನಾವು ಮೇಲೆ ಜಾಲರಿಯ ಹಿಂದೆ ಕೂತು ನುಡಿಸುತ್ತೇವೆ. ಕೇಳುವವರ ಮುಖ ಕಾಣದು. ಕೆಮ್ಮೇ ನಮಗೆ ಗತಿ.

ಆ ಜನವರಿಯಲ್ಲಿ ಇಡೀ ಊರಿಗೇ ನೆಗಡಿ, ಕೆಮ್ಮು ಹಿಡಿದಿತ್ತು.

ಪಿಟೀಲು ಕಲಿಸುವ ಗುರುವಿನ ಜಾಗ ಖಾಲಿಯಿತ್ತು. ಭಾನುವಾರ ನಮ್ಮಲ್ಲೊಬ್ಬಳಾದ ಬೊರ್ತೊಲಾ ಪಿಟೀಲಿನ ಕನ್ಚರ್ಟೋ, ಅಂದರೆ ಒಬ್ಬಳೇ ಮುಂದಾಗಿ ನುಡಿಸುವ ಮೂರು ಭಾಗದ ಕೃತಿ, ನುಡಿಸಬೇಕು. ಜನ ಮೆಚ್ಚಿದರೆ ಜಾಗ ಅವಳದು, ಸಾಯುವ ತನಕ ಪಿಟೀಲೂ ಅವಳದು. ಇಲ್ಲದಿದ್ದರೆ ದೀಪದೆಣ್ಣೆ ಮಾರುವ ವಿಧುರನೊಬ್ಬನ ಜೊತೆ ಮದುವೆ. ಮದುವೆಯಾಗಿ ಹೋಗುವವರು ಇನ್ನೆಂದೂ ಜನರೆದುರು ನುಡಿಸುವುದಿಲ್ಲವೆಂದು ಸಹಿ ಹಾಕಬೇಕು. ತೀರ್ಮಾನ ಆಡಳಿತದ ಯಜಮಾನ ಅಲ್ವಿಸೆಯವರದು. ಅವರಿಗೆ ಸಂಗೀತ ತಿಳಿಯದು, ಕೆಮ್ಮು ತಿಳಿಯುತ್ತದೆ.

"ಪುಣ್ಯವಂತೆ ಕಣೇ ನೀನು," ಎಂದೆ ಬೊರ್ತೊಲಾಗೆ, ವಿಯೋಲಾ ಎಂಬ ನನ್ನ ದಪ್ಪ ದನಿಯ ಪಿಟೀಲು ಒರೆಸುತ್ತಾ. "ಅಪಸ್ವರ ನುಡಿಸಿದ್ರೂ ಕೆಮ್ತಾರೆ."

"ನಿನ್ನ ವಿಯೋಲಾ ನೋಡ್ಕೊ ಹೋಗೇ. ಹೋದ ವಾರ ಬೆಕ್ಕಿನ ಬಾಲ ತುಳಿದಂಗಿತ್ತು."

ಮೊದಲ ಭಾಗ ಜೋರಿನದು. ಕೆಳಗೆ ಶುರುವಿನಿಂದ ಕೊನೆಯವರೆಗೂ ಕೆಮ್ಮು. ಅದರಲ್ಲಿ ಮೆಚ್ಚುಗೆ ಎಷ್ಟು, ಕಫ ಎಷ್ಟು, ದೇವರೇ ಬಲ್ಲ.

ಆಮೇಲೆ ನಿಧಾನ ಭಾಗ. ಕೃತಿ ರಚಿಸಿದ ಪಾದ್ರಿ ಇಲ್ಲಿ ಕೆಲವೇ ಉದ್ದ ಸ್ವರಗಳನ್ನು ಬರೆದು ಬಿಟ್ಟಿದ್ದರು. ಉಳಿದದ್ದನ್ನು ತುಂಬುವುದು ನುಡಿಸುವವಳ ಕೆಲಸ. ಅವಳ ಜೊತೆಗೆ ನಾವು ಮೂರು ವಿಯೋಲಾ ಮಾತ್ರ. ಬೊರ್ತೊಲಾ ಮೊದಲ ಸಲ ಬರೆದಷ್ಟನ್ನೇ ಬೋಳಾಗಿ ನುಡಿಸಿದಳು. ಎರಡನೇ ಸಲ ಅದೇ ಸ್ವರಗಳ ನಡುವೆ ಸಣ್ಣ ಸಣ್ಣ ಸ್ವರಗಳನ್ನು ಪೋಣಿಸಿದಳು. ಒಂದೂ ಹೆಚ್ಚಾಗಲಿಲ್ಲ, ಒಂದೂ ತೋರಿಕೆಯದಾಗಿರಲಿಲ್ಲ. ಹತ್ತು ವರ್ಷ ಅವಳ ಪಕ್ಕ ಕೂತಿದ್ದೇನೆ, ಅವಳ ತಪ್ಪುಗಳೆಲ್ಲ ನನಗೆ ಬಾಯಿಪಾಠ. ಅಂಥದ್ದನ್ನು ನಾನು ಕೇಳಿರಲಿಲ್ಲ.

ಆಗ ಗಮನಿಸಿದೆ: ಕೆಳಗೆ ಒಂದು ಕೆಮ್ಮೂ ಇಲ್ಲ. ಇವಳ ಕಥೆ ಮುಗಿಯಿತು ಎಂದುಕೊಂಡೆ. ಕೊನೆಯ ಭಾಗ ಶುರುವಾದೊಡನೆ ಒಡ್ಡು ಒಡೆದ ಹಾಗೆ ಎಲ್ಲರೂ ಕೆಮ್ಮಿದರು.

ಅಲ್ವಿಸೆಯವರು ಪಡಸಾಲೆಗೆ ಬಂದಾಗ ನಾನು ಸ್ವರದ ಹಾಳೆಗಳನ್ನು ಜೋಡಿಸುತ್ತಿದ್ದೆ.

"ನಡುವೆ ಒಬ್ರೂ ಕೆಮ್ಮಲಿಲ್ಲ," ಎಂದರು ನಮ್ಮ ಹಿರಿಯ ಗುರು ಲುಗ್ರೇಜಿಯಾಗೆ. "ಜನಕ್ಕೆ ಹಿಡಿಸ್ಲಿಲ್ಲ ಅಮ್ಮಾ."

"ಈ ವಾರದಲ್ಲಿ ನಿಮ್ಮ ಕೆಮ್ಮು ಯಾವಾಗಾದ್ರೂ ನಿಂತಿದ್ದುಂಟಾ ಸ್ವಾಮಿ?"

"ಎಲ್ಲಿ ನಿಲ್ಲುತ್ತೆ. ಪಕ್ಕೆ ಎಲ್ಲಾ ನೋವು."

"ಆ ಭಾಗದಲ್ಲಿ ಕೆಮ್ಮಿದ್ರಾ?"

ಅವರು ಯೋಚಿಸಿದರು. "ಇಲ್ಲ. ತಡ್ಕೊಂಡೆ."

"ಯಾಕೆ?"

"ಕೇಳ್ಬೇಕಿತ್ತಲ್ಲ," ಎಂದರು, ಸಿಕ್ಕಿಬಿದ್ದವರಂತೆ.

"ಎಲ್ರೂ ಅದನ್ನೇ ಮಾಡಿದ್ದು."

ಅಲ್ವಿಸೆಯವರು ಗೋಡೆ ಹಿಡಿದು ಬಹಳ ಹೊತ್ತು ಕೆಮ್ಮಿದರು. ಕಣ್ಣೊರೆಸಿಕೊಂಡು, "ಜಾಗ ಅವಳಿಗೇ ಇರ್ಲಿ," ಎಂದರು.

ನಾನು ಓಡಿಹೋಗಿ ಹೇಳಿದೆ. ಬೊರ್ತೊಲಾ ತಂತಿ ಸಡಿಲಿಸುತ್ತಿದ್ದವಳು ಮತ್ತೆ ಬಿಗಿಮಾಡಿದಳು.

"ಪಿಟೀಲು ಕಲಿಯೋ ಚಿಕ್ಕವರನ್ನ ಕಳ್ಸೇ. ಊಟಕ್ಕೆ ಇನ್ನೂ ಒಂದು ಗಂಟೆ ಇದೆ."