ಪೇಜು ತೆರೆಯುವವರೆಗೆ

ಬಡಾವಣೆಯವರೆಲ್ಲ ಅವನನ್ನು ಕುದುರೆ ಎಂದೇ ಕರೆಯುತ್ತಿದ್ದರು. ಅಕ್ಕನಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ. "ಕುದುರೆ ಅನ್ನೋರೆಲ್ಲ ಸವಾರಿ ಮಾಡೋಕೇ ಕಣೋ ಅನ್ನೋದು" ಎಂದರೆ ತಮ್ಮ ನಕ್ಕು ಶೂ ದಾರ ಬಿಗಿಯುತ್ತಿದ್ದ.

ವೆಬ್‌ಸೈಟ್ ವಿನ್ಯಾಸ ಅವನ ಕಸುಬು. ಬೆಳಗ್ಗೆ ಓಟ, ಸಂಜೆ ಈಜು, ನಡುವೆ ಕಂಪ್ಯೂಟರು. ದುಡ್ಡು ಕೊಡುವ ಗಿರಾಕಿಗಳು ಕಾದು ಕೂತಿದ್ದರೂ ಇವನು ರಕ್ತದಾನಿಗಳ ಪೇಜಿಗೆ ಬಣ್ಣ ಹುಡುಕುತ್ತಿರುತ್ತಿದ್ದ. ಕಳೆದುಹೋದ ನಾಯಿಗಳಿಗೂ ಒಂದು ಪೇಜು ಮಾಡಿಕೊಟ್ಟಿದ್ದ. ಏನೇ ಮಾಡಿದರೂ ಮೊದಲು ಅಮ್ಮನ ಮುಂದಿಡುತ್ತಿದ್ದ; ಅವಳ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದುತ್ತಿದ್ದ. "ಕನ್ನಡಕ ಮರೆತು ಬಂದ ಅಜ್ಜಿಗೂ ದಾರಿ ಸಿಗಬೇಕು ಅಕ್ಕಾ" ಎನ್ನುತ್ತಿದ್ದ. ನೀರೆಂದರೆ ನಡುಗುತ್ತಿದ್ದ ತರಕಾರಿ ಅಂಗಡಿಯವಳು ಮೊಮ್ಮಕ್ಕಳಾದ ಮೇಲೆ ತೇಲಲು ಕಲಿತದ್ದು ಅವನ ಅಂಗೈ ಮೇಲೆಯೇ. ಇಲ್ಲ ಎಂಬ ಮಾತು ಅವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬಂತೆ, ಬಡಾವಣೆಯ ಓಟದ ಸಂಘವಂತೂ ತನ್ನ ಪೇಜಿನ ಕೆಲಸವನ್ನೆಲ್ಲ ಹೊರಿಸಿ ಅವನ ಹೆಗಲೇರಿ ಕೂತಿತ್ತು.

ಸಂಘದ ದೊಡ್ಡ ಓಟ ನಡೆದ ದಿನ ಅಕ್ಕ ಆಸ್ಪತ್ರೆಯಲ್ಲಿದ್ದಳು. ಓಟ ಶುರುವಾಗುವ ಮೈದಾನದ ಹಿಂದಿನ ಬೀದಿಯಲ್ಲೇ ಆಸ್ಪತ್ರೆ. ಅವಳು ಅಲ್ಲಿ ತುರ್ತು ವಿಭಾಗದ ನರ್ಸು. ಆಂಬುಲೆನ್ಸಿನ ಬಾಗಿಲು ತೆರೆದಾಗ ಮೊದಲು ಕಂಡದ್ದು ತಮ್ಮನ ಶೂ.

"ನೋವು ಯಾವಾಗ ಶುರುವಾಯ್ತು?" ಡಾಕ್ಟರು ಕೇಳಿದರು.

"ಈಗ ತಾನೇ ಸಾರ್. ಚೆನ್ನಾಗೇ ಇದ್ದ, ಇದ್ದಕ್ಕಿದ್ದ ಹಾಗೆ ಕುಸಿದುಬಿಟ್ಟ" ಎಂದ, ಜೊತೆಗೆ ಬಂದಿದ್ದ ಸಂಘದ ಕಾರ್ಯದರ್ಶಿ.

ಎಷ್ಟು ಒತ್ತಿದರೂ ಆ ಎದೆ ಮತ್ತೆ ಬಡಿಯಲಿಲ್ಲ. ಅವನಿಗಿನ್ನೂ ನಲವತ್ತು ತುಂಬಿರಲಿಲ್ಲ. "ಅತಿಯಾಗಿ ಓಡಿದ, ಅದಕ್ಕೇ ಹೀಗಾಯ್ತು. ನಮ್ಮನ್ನ ನೋಡಿ, ಕೂತು ತಿಂದು ಗುಂಡುಕಲ್ಲಿನ ಹಾಗಿದ್ದೀವಿ" ಎಂದು ಸಾವಿನ ಮನೆಗೆ ಬಂದ ಚಿಕ್ಕಪ್ಪ ಹೊಟ್ಟೆ ಸವರಿಕೊಂಡ.

ಕೆಲವು ದಿನಗಳ ಮೇಲೆ ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಅಮ್ಮ, ಅಕ್ಕ ಮುಂದಿನ ಸಾಲಿನಲ್ಲಿ ಕೂತರು. ತರಕಾರಿ ಅಂಗಡಿಯವಳು ಮೈಕ್ ಹಿಡಿದು ಎರಡು ಮಾತಾಡುವಷ್ಟರಲ್ಲಿ ಅತ್ತು ಕೂತಳು. ಆಮೇಲೆ ಕಾರ್ಯದರ್ಶಿ ಎದ್ದ.

"ಅವನ ನಿಷ್ಠೆ ಎಂಥದ್ದು ಹೇಳ್ತೀನಿ ಕೇಳಿ. ಅವತ್ತು ಬೆಳಗ್ಗೆ ಹೆಸರು ನೋಂದಾಯಿಸೋ ಪೇಜು ಕೈಕೊಡ್ತು. ಜನ ಗಲಾಟೆ ಶುರು ಮಾಡಿದ್ರು. ಇವನು ಬಂದು, 'ಎದೆ ಹಿಡಿದ ಹಾಗಾಗ್ತಿದೆ, ಎಡಗೈ ಸೆಳೀತಿದೆ, ಆಸ್ಪತ್ರೆಗೆ ಹೋಗಿ ಬರ್ತೀನಿ' ಅಂದ. 'ಇದೊಂದು ಸರಿ ಮಾಡಿಬಿಟ್ಟು ಹೋಗಪ್ಪಾ' ಅಂದೆ. ಮರುಮಾತಾಡಲಿಲ್ಲ! ಬೆವರು ಇಳೀತಿದೆ, ಒಂದೇ ಕೈಲಿ ಟೈಪ್ ಮಾಡ್ತಿದ್ದಾನೆ. ಪೇಜು ತೆರೆಯೋವರೆಗೂ ಎದ್ದೇಳಲಿಲ್ಲ. ಇಂಥವರು ಇನ್ನೆಲ್ಲಿ ಸಿಗ್ತಾರೆ?"

ಸಭೆ ಚಪ್ಪಾಳೆ ತಟ್ಟಿತು. ಅಮ್ಮ ಕೈಮುಗಿದಳು. ಅಕ್ಕನ ಕಿವಿಯಲ್ಲಿ 'ಈಗ ತಾನೇ ಸಾರ್' ಎಂಬ ಮಾತೊಂದೇ ಗುಂಯ್‌ಗುಡುತ್ತಿತ್ತು.

ಸಭೆ ಮುಗಿದ ಮೇಲೆ ಅವಳು ಕಾರ್ಯದರ್ಶಿಯನ್ನು ಟೀ ಮೇಜಿನ ಹತ್ತಿರ ಹಿಡಿದಳು. "ಡಾಕ್ಟರ ಹತ್ರ ಬೇರೆ ಹೇಳಿದ್ರಲ್ಲ."

"ಗಾಬರೀಲಿ ಏನೋ ಅಂದಿರಬೇಕು ಸಿಸ್ಟರ್."

"ಎಷ್ಟು ಹೊತ್ತು ಕೂತಿದ್ದ?"

"ನೋಡ್ಕೊಳ್ಳಲಿಲ್ಲ. ಸ್ವಲ್ಪ ಜಾಸ್ತೀನೇ ಆಯ್ತು." ಅವನು ಬಿಸ್ಕತ್ತು ಕೆಳಗಿಟ್ಟ. "ಅಂಥ ಗಟ್ಟಿಮುಟ್ಟು ಆಳು, ಗ್ಯಾಸ್ ಇರಬೇಕು ಅಂದ್ಕೊಂಡ್ವಿ. ನಾನೇನು ಅವನನ್ನ ಕಟ್ಟಿ ಹಾಕಿದ್ನಾ?"

"ಕಟ್ಟದೇ ಇದ್ರೂ ನಿಲ್ತಾನೆ ಅಂತ ನಿಮಗೆ ಗೊತ್ತಿತ್ತು."

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಸಿಸ್ಟರ್, ವೆಬ್‌ಸೈಟಿನ ಪಾಸ್‌ವರ್ಡ್ ನಿಮಗೇನಾದ್ರೂ ಗೊತ್ತಾ? ಮುಂದಿನ ಓಟಕ್ಕೆ ಅವನ ಹೆಸರೇ ಇಡ್ತಿದ್ದೀವಿ. ಪೇಜಲ್ಲಿ ಹಾಕಬೇಕಿತ್ತು."

"ಗೊತ್ತು. ಹೇಳೋದಿಲ್ಲ" ಎಂದು ಅವಳು ಮೈಕಿನ ಕಡೆ ನಡೆದಳು. ಎಲ್ಲರೂ ಇದ್ದಾರೆ, ಎಲ್ಲರೆದುರೇ ಹೇಳಿಬಿಡಬೇಕು. ಆದರೆ ದಾರಿಯಲ್ಲಿ ಅಮ್ಮ ನಿಂತಿದ್ದಳು, ಸುತ್ತ ಹೆಂಗಸರು. "ಕೇಳಿದ್ರಾ ನನ್ನ ಮಗ ಎಂಥವನು ಅಂತ? ಕೈ ನೋಯ್ತಿದ್ರೂ ಕೆಲಸ ಬಿಡಲಿಲ್ಲವಂತೆ!" ಮಗ ಹೋದ ದಿನದಿಂದ ಗೋಡೆ ನೋಡುತ್ತ ಕೂತಿದ್ದವಳ ಮುಖದಲ್ಲಿ ಜೀವ ಬಂದಿತ್ತು. ಆ ಮಾತನ್ನು ಕಿತ್ತುಕೊಂಡರೆ ಅಮ್ಮನಿಗೆ ಉಳಿಯುವುದೇನು? ಅಕ್ಕನ ಕಾಲು ಅಲ್ಲಿಯೇ ನಿಂತಿತು.

ಅಂದಿನಿಂದ ಮನೆಗೆ ಯಾರೇ ಬರಲಿ, ಅಮ್ಮನದು ಅದೇ ಕಥೆ. ಅಕ್ಕ ಹಲ್ಲು ಕಚ್ಚಿ ಒಳಗೆ ಪಾತ್ರೆ ತಿಕ್ಕುತ್ತಿದ್ದಳು.

ಒಂದು ಭಾನುವಾರ ಕಾರ್ಯದರ್ಶಿಯೇ ಬಂದ, ತಮ್ಮನ ಮುಖ ಅಚ್ಚಾಗಿದ್ದ ಟೀ ಶರ್ಟು ಹಿಡಿದುಕೊಂಡು. ಅಮ್ಮ ಅದನ್ನು ಎದೆಗೊತ್ತಿಕೊಂಡಳು. ಅವನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, "ಟೀ ತಾರೇ" ಎಂದು ಮಗಳನ್ನು ಕೂಗಿದಳು. ಅಕ್ಕ ಲೋಟ ತಂದು ಮುಂದಿಟ್ಟಳು. ಅವನು ತಲೆ ಎತ್ತಲಿಲ್ಲ.

"ನಾನು ಹೇಳಿದ್ರೆ ಅಷ್ಟು ಚೆನ್ನಾಗಿ ಬರಲ್ಲ. ಇನ್ನೊಂದ್ಸಲ ನಿಮ್ಮ ಬಾಯಿಂದಲೇ ಹೇಳೀಪ್ಪಾ" ಎಂದಳು ಅಮ್ಮ.

"ಇರಲಿ ಬಿಡಿ ಅಮ್ಮಾ, ಇನ್ನೊಂದಿನ..."

"ಹೇಳಿ" ಎಂದಳು ಅಕ್ಕ, ಅವನ ಎದುರಿನ ಸ್ಟೂಲಿನಲ್ಲಿ ಕೂತು.

ಅವನು ಶುರು ಮಾಡಿದ. ಪೇಜು ಕೈಕೊಟ್ಟದ್ದು, ಜನ ಗಲಾಟೆ ಮಾಡಿದ್ದು, ತಮ್ಮ ಬಂದು ಕೂತದ್ದು, ಎಲ್ಲ ಹೇಳಿ ನೇರ ಪೇಜು ತೆರೆದದ್ದಕ್ಕೆ ಹಾರಿದ. ಅಮ್ಮ ಅವನ ಮೊಣಕೈ ತಟ್ಟಿದಳು.

"ಎಡಗೈ ಸೆಳೀತಿತ್ತು ಅಂದಿದ್ರಲ್ಲ, ಅದನ್ನೇ ಬಿಟ್ರಿ ನೋಡಿ."