ಅಮ್ಮನ ಗಡ್ಡೆ

"ಅವಳಿಗೆ ಹೇಳಿ, ಆ ಸಾಲಿಗೆ ಕೈ ಹಾಕೋದು ಬೇಡ. ಕೆಳಗಡೆ ಬಿಳಿ ಗಡ್ಡೆ ಅಗೀಲಿ," ಎಂದು ಬಾಸಿಲಿಯಾ ಗಂಡನಿಗೆ ಹೇಳಿದಳು.

ಅವಳು ಎಂದರೆ ಗಂಡನ ತಂಗಿ ಇಲಾರಿಯಾ. ನಾಲ್ಕು ಮಾರು ದೂರದಲ್ಲೇ ಗುದ್ದಲಿ ಹಿಡಿದು ನಿಂತಿದ್ದಳು.

"ಕೇಳಿಸ್ತು ಅಂತ ಹೇಳಣ್ಣ," ಎಂದಳು.

"ನಾನೇನು ನಿಮ್ಮಿಬ್ಬರ ಮಧ್ಯದ ರೇಡಿಯೋನಾ?" ಎಂದು ತಿಬುರ್ಸಿಯೊ ಗೊಣಗುತ್ತ ಒಲೆಗೆ ಮಣ್ಣಿನ ಹೆಂಟೆ ಆರಿಸಲು ಹೋದ.

ನಾದಿನಿ ಅತ್ತಿಗೆಯರ ಮಾತು ನಿಂತು ಎರಡು ವರ್ಷವಾಗಿತ್ತು. ಆ ಎತ್ತರದ ಊರಲ್ಲಿ ಎಲ್ಲರೂ ಆಲೂಗಡ್ಡೆಯನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಬರಿಗಾಲಲ್ಲಿ ತುಳಿದು, ಒಣಗಿಸಿ ಚುನ್ಯೊ ಮಾಡಿಡುವವರೇ. ಒಂದು ಮದುವೆಯೂಟದಲ್ಲಿ ಬಾಸಿಲಿಯಾ ಇಲಾರಿಯಾಳ ಚುನ್ಯೊ ಬಾಯಿಗಿಟ್ಟು, "ಇದ್ಯಾರ ಕಾಲಿನ ವಾಸನೆ?" ಎಂದುಬಿಟ್ಟಿದ್ದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಇಲಾರಿಯಾ ನಗಲಿಲ್ಲ. ಅವಳಿಗೆ ಮೂಗಿನ ತುದಿಯಲ್ಲೇ ಕೋಪ.

ಇವತ್ತು ಆ ಮೂಗನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಅವಳಮ್ಮ ಮಗಳಿಗೂ ಸೊಸೆಗೂ ಒಂದೇ ಗಡ್ಡೆಯ ಬೀಜ ಹಂಚಿ ಹೋಗಿದ್ದಳು. ನೇರಳೆ ಸಿಪ್ಪೆ, ಬೆರಳಿನಂಥ ಗುಬುಟು. ಊರವರು ಅದನ್ನು ಬೆಟ್ಟದ ದೊಡ್ಡ ಬೆಕ್ಕಾದ ಪೂಮಾದ ಪಂಜ ಎನ್ನುತ್ತಿದ್ದರು. ಹೋದ ವರ್ಷ ಕೊಳೆರೋಗ ಬಂದು ಇಲಾರಿಯಾಳ ಹೊಲದಲ್ಲಿ ಒಂದೂ ಉಳಿಯಲಿಲ್ಲ. ಅತ್ತಿಗೆಯ ಬಾಗಿಲಿಗೆ ಹೋಗಿ ಕೇಳುವುದೇ? ಅದಕ್ಕಿಂತ ನಾಲಗೆ ಕಚ್ಚಿಕೊಂಡು ಸಾಯುವುದು ಮೇಲು. ಆದರೆ ಕೀಳುವ ದಿನ ಕೈಜೋಡಿಸಲು ಬಂದವರನ್ನು ಯಾರೂ ವಾಪಸು ಕಳಿಸುವಂತಿಲ್ಲ. ಸಂಜೆ ಅವರ ಶಾಲಿನ ತುಂಬ ಗಡ್ಡೆ ಹಾಕಿ ಕಳಿಸಬೇಕು. ಯಾವ ಗಡ್ಡೆ ಎನ್ನುವುದು ಮಾತ್ರ ಮನೆಯೊಡತಿಯ ಮರ್ಜಿ. ಅಮ್ಮನ ಗಡ್ಡೆಯ ಸಾಲಿನಲ್ಲಿ ಬೆವರು ಸುರಿಸಿದರೆ ಅದರಿಂದಲೇ ನಾಲ್ಕು ಬೀಳಬಹುದೆಂದು ಅವಳ ಲೆಕ್ಕ. ಬಾಸಿಲಿಯಾ ಆ ಲೆಕ್ಕವನ್ನು ಬೆಳಿಗ್ಗೆಯೇ ಅಳಿಸಿ ಹಾಕಿದ್ದಳು.

ಮಧ್ಯಾಹ್ನದ ಹೊತ್ತಿಗೆ ತಿಬುರ್ಸಿಯೊ ಹೆಂಟೆಗಳನ್ನು ಗುಮ್ಮಟದಂಥ ಒಲೆಯಾಗಿ ಪೇರಿಸಿ, ಒಳಗೆ ಒಣಹುಲ್ಲು, ಸಗಣಿ ಉರಿಸಿ ಕೆಂಪಗೆ ಕಾಯಿಸಿದ್ದ. ಕೀಳಲು ಕೈಜೋಡಿಸಿದ್ದ ಊರವರೆಲ್ಲ ಸುತ್ತ ಕೂತರು. ಬಾಸಿಲಿಯಾ ಬುಟ್ಟಿ ಹೊತ್ತು ಬಂದಳು. ಬುಟ್ಟಿಯ ತುಂಬ ನೇರಳೆ ಗಡ್ಡೆ. ಒಂದೊಂದಾಗಿ ಬೆಂಕಿಯೊಳಗೆ ಎಸೆಯತೊಡಗಿದಳು.

ಇಲಾರಿಯಾ ಅತ್ತಿಗೆಯ ಕೈಯನ್ನೇ ನೋಡಿದಳು. ಬೆಂದ ಗಡ್ಡೆ ಎಲ್ಲಾದರೂ ಮೊಳೆಯುವುದುಂಟೆ? ಬುಟ್ಟಿ ಅರ್ಧವಾಯಿತು.

"ಅತ್ತಿಗೆ, ಸಾಕು."

ಬಾಸಿಲಿಯಾಳ ಕೈ ನಿಂತಿತು. "ಯಾರ್ರೀ ಮಾತಾಡಿದ್ದು?" ಎಂದು ಗಂಡನನ್ನು ಕೇಳಿದಳು.

"ರೇಡಿಯೋ ಕೆಟ್ಟಿದೆ. ನೀನೇ ವಿಚಾರಿಸ್ಕೋ."

ಇಲಾರಿಯಾ ಎದ್ದು ನಿಂತಳು. ಊರೆಲ್ಲ ನೋಡುತ್ತಿತ್ತು. "ಅಮ್ಮನ ಗಡ್ಡೆ ನಮ್ಮನೇಲಿ ಹೋಗ್ಬಿಡ್ತು ಅತ್ತಿಗೆ. ಒಂದೂ ಇಲ್ಲ. ನಾನು ಬಂದಿದ್ದು ಬೀಜಕ್ಕೆ, ಕೆಲಸಕ್ಕಲ್ಲ." ಅವಳಿಗೆ ನಾಚಿಕೆಗಿಂತ ದುಃಖವೇ ಹೆಚ್ಚಾಗಿತ್ತು.

ಬಾಸಿಲಿಯಾ ಬುಟ್ಟಿಯಿಂದ ಒಂದು ಗಡ್ಡೆ ತೆಗೆದು ಅವಳ ಮುಖದ ಮುಂದೆ ಹಿಡಿದಳು. "ಕಣ್ಣು ಬಿಟ್ಟು ನೋಡು."

ಗಡ್ಡೆಗೆ ಗುದ್ದಲಿ ಏಟು ಬಿದ್ದಿತ್ತು. ಬುಟ್ಟಿಯಲ್ಲಿದ್ದವೆಲ್ಲ ಏಟು ತಿಂದವೇ. ಏಟು ಬಿದ್ದದ್ದು ಬೀಜಕ್ಕೆ ಆಗದು, ಮೊದಲು ಒಲೆಗೆ. ಇದು ಆ ಊರಲ್ಲಿ ಹಸುಳೆಗೂ ಗೊತ್ತು. ಜೀವಮಾನವೆಲ್ಲ ಗಡ್ಡೆ ಆರಿಸಿದ ಇಲಾರಿಯಾ ಅತ್ತಿಗೆಯ ಕೈಯನ್ನು ನೋಡಿದ್ದಳೇ ಹೊರತು ಗಡ್ಡೆಯನ್ನು ನೋಡಿರಲಿಲ್ಲ.

"ಮತ್ತೆ ಆ ಸಾಲಿಗೆ ಕೈ ಹಾಕ್ಬೇಡ ಅಂದ್ರಲ್ಲ?"

"ನಿನ್ನ ಗುದ್ದಲಿ ಗೊತ್ತಿಲ್ವಾ ನನಗೆ? ಅತ್ತೆ ಇದ್ದಾಗ್ಲೇ ಅರ್ಧಕ್ಕರ್ಧ ಕೊಚ್ಚಿ ಹಾಕ್ತಿದ್ದೆ. ಇವು ನಿಮ್ಮಣ್ಣನ ಕೈಗೆ ಸಿಕ್ಕಿದ್ದು. ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದವರಲ್ವಾ."

ತಿಬುರ್ಸಿಯೊ ಏನೂ ಕೇಳಿಸದವನಂತೆ ಗುಮ್ಮಟವನ್ನು ಗಡ್ಡೆಗಳ ಮೇಲೆ ಕೆಡವಿ ಬಡಿಯತೊಡಗಿದ. ಈ ಸಲ ಎಲ್ಲರಿಗಿಂತ ಮೊದಲು ನಕ್ಕವಳು ಇಲಾರಿಯಾ.

"ಒಂದು ಮಾತು ಕೇಳೋಕೆ ಇಷ್ಟು ದಿನ ಬೇಕಾಯ್ತಾ?" ಎಂದಳು ಬಾಸಿಲಿಯಾ. "ಅಳದಿದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ."

ಬಿಸಿ ಗಡ್ಡೆಯನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತ, ಮೆಣಸಿನ ಚಟ್ನಿಗೆ ಅದ್ದಿ ಎಲ್ಲರೂ ತಿಂದರು. ಇಲಾರಿಯಾ ಎರಡನೆಯದಕ್ಕೆ ಕೈ ಹಾಕಿದಳು. ಅಮ್ಮನ ಕಾಲದ ಅದೇ ರುಚಿ.

ಸಂಜೆ ಉಳಿದವರ ಶಾಲು ತುಂಬಿಸಿ ಕಳಿಸಿದ ಮೇಲೆ ಬಾಸಿಲಿಯಾ ಹುಲ್ಲಿನ ಮರೆಯಿಂದ ಮೊಟ್ಟೆ ಗಾತ್ರದ ನೇರಳೆ ಗಡ್ಡೆಗಳನ್ನು ತಂದಳು. ಒಂದಕ್ಕೂ ಗೀರಿರಲಿಲ್ಲ. ಇಲಾರಿಯಾಳ ಶಾಲಿಗೆ ಬೊಗಸೆ ಬೊಗಸೆ ಸುರಿದಳು.

"ಇಷ್ಟೊಂದ್ಯಾಕೆ ಅತ್ತಿಗೆ? ನಿಮಗೆ ಬೇಡ್ವಾ?"

"ಸುಮ್ನೆ ಹೊರು. ನಾಳೆ ನನ್ನ ಹೊಲಕ್ಕೆ ರೋಗ ಬಿದ್ರೆ ನಾನ್ಯಾರ ಮನೆಗೆ ಹೋಗ್ಲಿ?"

ಬಾಸಿಲಿಯಾ ತಾನೇ ಗಂಟನ್ನು ಅವಳ ಬೆನ್ನಿಗೇರಿಸಿ, ಎದೆಯ ಮೇಲೆ ಬಿಗಿಯಾಗಿ ಕಟ್ಟಿದಳು. ಇಲಾರಿಯಾ ಇಳಿಜಾರು ಇಳಿಯುವಾಗ ಒಂದು ಕೈಯನ್ನು ಹಿಂದಕ್ಕೆ ಕೊಟ್ಟು, ಬೆನ್ನ ಮೇಲಿನ ಮಗುವಿಗೆ ಕೊಡುವಂತೆ, ಗಂಟಿನ ಅಡಿಗೆ ಆಸರೆಯಾಗಿ ಹಿಡಿದುಕೊಂಡೇ ನಡೆದಳು.